ದುಡ್ಡು ದೊಡ್ಡಪ್ಪನಾದ ಕಥೆ

‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಆದರೆ ಆ ದೊಡ್ಡಪ್ಪನ ಪೂರ್ವಾಶ್ರಮ ಯಾವುದೆಂದು ವಿಚಾರಿಸಿದವರು ಕಡಮೆ. ಮನೆತನದ ಹಿರಿಯನ ಪೀಠವನ್ನು ನ್ಯಾಯವಾಗಿ ಏರಬೇಕಾಗಿದ್ದದ್ದು ವರಹ, ಇಲ್ಲವೆ ಗದ್ಯಾಣ, ಅದೂ ಅಲ್ಲವಾದರೆ ಹೊನ್ನು. ಮೂರೂ ಬಂಗಾರದ ಕುಲದವು, ಅರಮನೆ ದೇವಾಲಯಗಳಲ್ಲಿ ಓಡಾಡಿದವು. ಅವುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಕುಳಿತ ದುಡ್ಡಾದರೋ ಒಂದು ತಾಮ್ರದ ಬಿಲ್ಲೆ. ಮದರಾಸಿನ ಕಡೆಯ ಹಳೆಯ ಲೆಕ್ಕದಲ್ಲಿ ಹತ್ತು ಕಾಸಿಗೆ ಒಂದು ದುಡ್ಡು, ಎಂಟು ದುಡ್ಡಿಗೆ ಒಂದು ಪಣ, ನಲವತ್ತೆರಡು ಪಣಕ್ಕೆ ಒಂದು ವರಹ. ಅಂದರೆ ೩೩೬ ದುಡ್ಡು ಕೂಡಿದರೆ ಒಂದು ವರಹದ ತೂಕಕ್ಕೆ ಸಮ. ಅಷ್ಟು ಕಿರಿಯನಾದವನು ದೊಡ್ಡಪ್ಪನಾದ. ವರಹ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನು ಸೇರಿತು.

ದುಡ್ಡು ಎಂಬ ಮಾತು ಎಲ್ಲಿಂದ ಬಂದಿತು ಎಂಬುದರಲ್ಲಿ ಒಮ್ಮತವಿಲ್ಲ. ಡಚ್ಚರ ಒಂದು ಕಿರುನಾಣ್ಯದ ಹೆಸರೇ ಕರಾವಳಿಯ ವ್ಯಾಪಾರದ ಮೂಲಕ ನಮ್ಮಲ್ಲಿಗೆ ಬಂದಿತೆಂದು ಹೇಳುವವರಿದ್ದಾರೆ. ಅದು ನಮ್ಮ ನೆಲದ ಮಾತೇ ಎನ್ನುವವರೂ ಇದ್ದಾರೆ. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಅದರ ಒಡಹುಟ್ಟುಗಳುಂಟು. ಈ ವಾದ ಹೇಗೇ ತೀರಲಿ, ನಮ್ಮ ಸದ್ಯದ ಪ್ರಶ್ನೆ ಬೇರೆ. ಅಷ್ಟೊಂದು ನಾಣ್ಯಗಳು ಬಂದು ಹೋದ ನಾಡಿನಲ್ಲಿ ಜನ ತಮ್ಮ ಸಿರಿಗೆಲ್ಲ ಒಟ್ಟಾಗಿ ಹೆಸರಿಡುವಾಗ ಅತಿ ಸಣ್ಣ ನಾಣ್ಯವನ್ನು ಏಕೆ ಆರಿಸಿಕೊಂಡರು? (‘ವಿದ್ಯೆ ಅವರಪ್ಪ’ ಎಂದು ಆ ಗಾದೆಗೆ ಒಂದು ಉತ್ತರಾರ್ಧವೂ ಉಂಟು. ಅದನ್ನು ಸೇರಿಸಿದವರು ಯಾರೋ ನನ್ನಂಥ ಮೇಷ್ಟರೇ ಇರಬೇಕೆಂದು ನನ್ನ ಗುಮಾನಿ.)

ಶಾಸನಗಳ ಕಾಲಕ್ಕೆ ಹೋಗೋಣ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದುತ್ತ ಹೋದರೆ ಗದ್ಯಾಣದ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ದೇವರ ನಂದಾದೀಪಕ್ಕೆ ಇಷ್ಟು ಗದ್ಯಾಣ, ಮಠದ ವಿದ್ಯಾರ್ಥಿಗಳ ಊಟಕ್ಕೆ ಇಷ್ಟು ಗದ್ಯಾಣ, ಊರು ಅರಮನೆಗೆ ತೆರಬೇಕಾದ ಸಿದ್ಧಾಯ ಇಷ್ಟು. ಇಂದು ಗದಗ ಜಿಲ್ಲೆಯಲ್ಲಿರುವ ಲಕ್ಕುಂಡಿ ಆಗ ಲೊಕ್ಕಿಗುಂಡಿ. ಅಲ್ಲಿಯ ಟಂಕಸಾಲೆಯ ನಾಣ್ಯಕ್ಕೆ ‘ಲೊಕ್ಕಿಗದ್ಯಾಣ’ವೆಂದೇ ಹೆಸರು. ಚಾಲುಕ್ಯರ ವರಾಹಲಾಂಛನ ‘ವರಹ’ ಎಂಬ ಹೆಸರಿನಲ್ಲಿ ಉಳಿದುಕೊಂಡು, ವಿಜಯನಗರದವರು ಹಂದಿಯ ಬದಲು ಉಮಾಮಹೇಶ್ವರರನ್ನೋ ಬಾಲಕೃಷ್ಣನನ್ನೋ ಗಂಡಭೇರುಂಡವನ್ನೋ ಅಚ್ಚೊತ್ತಿದ ಮೇಲೂ ಹೆಸರು ಬದಲಾಗಲಿಲ್ಲ. ಸುಮಾರು ಮೂರೂವರೆ ಗ್ರಾಮು ತೂಗುವ ಬಂಗಾರದ ನಾಣ್ಯ ಅದು. ಹೊಲ ಉಳುವವನು, ಬಟ್ಟೆ ನೇಯುವವನು ತನ್ನ ಆಯುಷ್ಯದಲ್ಲಿ ಎಷ್ಟು ಸಲ ಅದನ್ನು ಅಂಗೈಯಲ್ಲಿಟ್ಟು ನೋಡಿದ್ದಾನು? ಅವನಿಗೆ ಗದ್ಯಾಣ ಎಂಬುದು ಶ್ಯಾನುಭೋಗನ ಬಾಯಲ್ಲಿ ಕೇಳಿಬರುವ ಮಾತು. ತೆರಬೇಕಾದದ್ದರ ಹೆಸರು, ಪಡೆಯುವುದರ ಹೆಸರಲ್ಲ.

ಅವನ ಕೈಗೆ ಬರುತ್ತಿದ್ದದ್ದು ಪಣ, ಮತ್ತು ಅದರ ಒಡಕುಗಳು. ಪಣದ ಕಾಲುಭಾಗ ‘ಹಾಗ’, ಹದಿನಾರರಲ್ಲೊಂದು ‘ವೀಸ’. ಪಕಾರ ಹಕಾರವಾಗುವ ಕನ್ನಡದ ಪ್ರಸಿದ್ಧ ನಿಯಮದಂತೆ ಪಾಲು ಹಾಲಾಯಿತು, ಪೊನ್ನು ಹೊನ್ನಾಯಿತು, ಪಣ ಹಣವಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಸಂಸ್ಕೃತದಲ್ಲಿ ಪಣವೆಂದರೆ ಜೂಜಿನಲ್ಲಿ ಒಡ್ಡುವ ಒತ್ತೆ, ನಾಣ್ಯವೂ ಹೌದು. ಆ ಒಂದೇ ಮಾತನ್ನು ಕನ್ನಡ ಎರಡು ಸಲ ಮನೆಗೆ ಕರೆದುಕೊಂಡಿತು. ಮೊದಲು ಬಂದದ್ದು ಜನರ ಬಾಯಲ್ಲಿ ಸವೆದು ‘ಹಣ’ವಾಯಿತು, ಗ್ರಂಥಗಳ ದಾರಿಯಿಂದ ಬಂದದ್ದು ‘ಪಣ’ವಾಗಿಯೇ ಉಳಿದು, ‘ಪಣ ತೊಟ್ಟ’, ‘ಪ್ರಾಣವನ್ನೇ ಪಣವಾಗಿಟ್ಟ’ ಎನ್ನುವಲ್ಲಿ ಇಂದಿಗೂ ಜೂಜಿನ ವಾಸನೆಯನ್ನು ಹೊತ್ತುಕೊಂಡಿದೆ.

೧೪೪೩ರಲ್ಲಿ ಎರಡನೆಯ ದೇವರಾಯನ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಯ ನಾಣ್ಯಗಳನ್ನೆಲ್ಲ ಎಣಿಸಿ ಬರೆದಿಟ್ಟಿದ್ದಾನೆ. ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗ ಪಣ, ಅದರ ಕೆಳಗೆ ಬೆಳ್ಳಿಯದೂ ತಾಮ್ರದ್ದೂ ಬೇರೆ. ಇವೆಲ್ಲದರಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಪಣವೇ ಎಂಬುದನ್ನು ಆ ಪರದೇಶಿ ಗಮನಿಸಿದ್ದಾನೆ. ಎರಡು ಶತಮಾನಗಳ ಮೇಲೆ ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು (೧೬೩೮–೧೬೫೯) ನರಸಿಂಹನ ಮುದ್ರೆಯ ಹಣವನ್ನು ಹೊರಡಿಸಿದರು. ಅರ್ಧ ಗ್ರಾಮಿನಷ್ಟೂ ತೂಗದ, ಉಗುರಿನ ತುದಿಯಲ್ಲಿ ಅಂಟಿಕೊಳ್ಳುವಂಥ ಬಂಗಾರದ ಚೂರು ಅದು. ‘ಕಂಠೀರಾಯಿ ಹಣ’ವೆಂದು ಮೈಸೂರು ಸೀಮೆಯಲ್ಲೆಲ್ಲ ಅದಕ್ಕೆ ಹೆಸರು. ಹತ್ತು ಕಂಠೀರಾಯಿ ಹಣಕ್ಕೆ ಒಂದು ಕಂಠೀರಾಯಿ ವರಹ. ಆದರೆ ಆ ವರಹವನ್ನು ಕಣ್ಣಿನಿಂದ ಕಂಡವರಿಲ್ಲ, ಏಕೆಂದರೆ ಅದನ್ನು ಅಚ್ಚು ಹಾಕಲೇ ಇಲ್ಲ! ಅದು ಲೆಕ್ಕದ ಕಡತದಲ್ಲಿ ಮಾತ್ರ ವಾಸವಾಗಿದ್ದ ನಾಣ್ಯ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಬೆಲೆಗಳನ್ನು ಬರೆಯುವಾಗ ಈ ಕಂಠೀರಾಯಿ ಲೆಕ್ಕವನ್ನೇ ಬಳಸುತ್ತಾನೆ. ಕಂಪನಿಯ ರೂಪಾಯಿ ನೆಲೆಗೊಂಡ ಮೇಲೆ ಈ ಹಣಕ್ಕೆ ಕಟ್ಟಿದ ಬೆಲೆ ನಾಲ್ಕಾಣೆ ಎಂಟು ಪೈ, ವರಹಕ್ಕೆ ಎರಡು ರೂಪಾಯಿ ಹದಿನಾಲ್ಕಾಣೆ ಎಂಟು ಪೈ. ನಾಣ್ಯಕ್ಕೆ ನಾಣ್ಯವನ್ನು ಬದಲಾಯಿಸುವಾಗ ಸರಾಫನು ಹಿಡಿದುಕೊಳ್ಳುತ್ತಿದ್ದ ಕಸರಿಗೆ ‘ವಟ್ಟ’ ಎಂದು ಹೆಸರು. ವಟ್ಟ ತೆತ್ತವನು ಯಾವಾಗಲೂ ಸಣ್ಣ ನಾಣ್ಯ ಹಿಡಿದು ಬಂದವನು.

ಕೊನೆಗೆ ಆದದ್ದು ಇದು. ಬಂಗಾರದ ನಾಣ್ಯಗಳ ಪೈಕಿ ಕಿರಿಯ ಸಾಲಿನದಾದ ಹಣ ಎಲ್ಲ ಸಂಪತ್ತಿಗೂ ಹೆಸರಾಯಿತು. ಅದು ಬರಹದ ಮಾತಾಗಿ ಮಡಿಯುಟ್ಟುಕೊಂಡ ಮೇಲೆ, ಆಡುಮಾತಿನಲ್ಲಿ ಆ ಸ್ಥಾನಕ್ಕೆ ತಾಮ್ರದ ಕಾಸೂ ದುಡ್ಡೂ ಬಂದುವು. ದೊರೆಗಳು ಇಟ್ಟ ಹೆಸರುಗಳು ನಿಲ್ಲಲಿಲ್ಲ. ಟೀಪೂ ಸುಲ್ತಾನನು ತನ್ನ ನಾಣ್ಯಗಳಿಗೆ ಅಹಮದಿ, ಇಮಾಮಿ, ಜಾಫರಿ ಎಂದೂ, ತಾಮ್ರದವಕ್ಕೆ ಗ್ರಹ ನಕ್ಷತ್ರಗಳನ್ನು ನೆನೆದು ಜೊಹ್ರಾ, ಅಖ್ತರ್, ಕುತುಬ್ ಎಂದೂ ಬಹು ಮುತುವರ್ಜಿಯಿಂದ ನಾಮಕರಣ ಮಾಡಿದ. ಜನ ಅದರ ಮೇಲಿನ ಆನೆಯನ್ನು ನೋಡಿದರು, ‘ಆನೆಕಾಸು’ ಎಂದರು.

ಈ ಕಾಸಿನ ಪ್ರಯಾಣ ಇನ್ನೂ ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳಲ್ಲಿ ಕೆಲವು ಮೂರು ಭಾಷೆಯವು. ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದಿದ್ದರೆ ಅದೇ ಮುಖದ ಮೇಲೆ ಇಂಗ್ಲಿಷಿನಲ್ಲಿ ‘ಕ್ಯಾಶ್’ ಎಂದಿದೆ. ಇದು ಕೇವಲ ಭಾಷಾಂತರವಲ್ಲ. ಒಂದೇ ಮಾತಿನ ಎರಡು ಉಚ್ಚಾರಣೆ. ತಮಿಳು, ಕನ್ನಡ ನಾಡುಗಳ ಕಾಸನ್ನು ಪೋರ್ಚುಗೀಸರು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು, ಅವರಿಂದ ಇಂಗ್ಲಿಷರು ಪಡೆದರು. ಬ್ಯಾಂಕಿನ ಗವಾಕ್ಷಿಯ ಮೇಲೆ ಬರೆದಿರುವ ‘ಕ್ಯಾಶ್’ ಬೇರೆ. ಅದು ಪೆಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನ ಸಂತತಿ. ಎರಡೂ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತಕ್ಕೆ ಬಂದು, ಇಂದು ಅವನ್ನು ಗುರುತು ಹಿಡಿದು ಬೇರ್ಪಡಿಸುವುದು ಕಷ್ಟವಾಗಿದೆ. ಮೈಸೂರಿನ ಟಂಕಸಾಲೆ ೧೮೩೩ರಲ್ಲಿ ನಮ್ಮ ಬೆಂಗಳೂರಿಗೆ ಬಂದು, ಹತ್ತು ವರ್ಷ ನಡೆದು, ೧೮೪೩ರಲ್ಲಿ ಮುಚ್ಚಿತು. ಅಲ್ಲಿಗೆ ‘ಕಾಸು’ ಎಂದು ಕನ್ನಡದಲ್ಲಿ ಬರೆದುಕೊಂಡು ಹುಟ್ಟುವ ನಾಣ್ಯದ ವಂಶ ತೀರಿತು.

ನಮ್ಮ ತೀರದಲ್ಲಿ ಕಾಸೆಂಬ ಮಾತನ್ನು ಕಲಿತ ಹಡಗಿನವರು ಅದನ್ನು ಚೀನದವರೆಗೂ ಒಯ್ದರು. ಅಲ್ಲಿಯ ನಡುವೆ ಚೌಕನೆಯ ತೂತುಳ್ಳ ತಾಮ್ರದ ನಾಣ್ಯವನ್ನು ಕಂಡು ಅದಕ್ಕೂ ‘ಕ್ಯಾಶ್’ ಎಂದೇ ಹೆಸರಿಟ್ಟರು. ನಾಣ್ಯಶಾಸ್ತ್ರದ ಇಂಗ್ಲಿಷ್ ಗ್ರಂಥಗಳಲ್ಲಿ ಚೀನದ ಹಳೆಯ ನಾಣ್ಯಕ್ಕೆ ಇವತ್ತಿಗೂ ಅದೇ ಹೆಸರು. ತಮ್ಮ ಹಣಕ್ಕೆ ದಕ್ಷಿಣ ಭಾರತದ ಸಂತೆಯ ಹೆಸರನ್ನು ಯಾರೋ ಅಂಟಿಸಿದ್ದು ಆ ಚೀನೀಯರಿಗೆ ತಿಳಿದಿರಲಾರದು. ನಾಣ್ಯಗಳೇ ಎದುರುಬದುರಾದದ್ದೂ ಉಂಟು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ, ಶಾತವಾಹನರ ಮತ್ತು ರೋಮನರ ನಾಣ್ಯಗಳು ದೊರೆತ ನೆಲದಲ್ಲೇ, ಒಂದು ಚೀನೀ ನಾಣ್ಯವೂ ದೊರೆಯಿತು. ಅದನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನಕ್ಕೆ ಸೇರಿದ್ದೆಂದು ಹಿಂದಿನ ವಿದ್ವಾಂಸರು ಓದಿದರು. ಒಂದು ಒಂಟಿ ನಾಣ್ಯದ ಮೇಲೆ ವ್ಯಾಪಾರದ ಇತಿಹಾಸವನ್ನು ಕಟ್ಟುವ ಧೈರ್ಯ ನನಗಿಲ್ಲ. ಆದರೆ ಮಾತುಗಳನ್ನು ಎದುರಿಟ್ಟು ನೋಡುವುದಕ್ಕೆ ಅಷ್ಟು ಧೈರ್ಯ ಬೇಕಿಲ್ಲ.

ನೋಡಿದರೆ ಆಶ್ಚರ್ಯವಾಗುತ್ತದೆ. ಚೀನೀ ಭಾಷೆಯಲ್ಲಿ ಹಣಕ್ಕೆ ‘ಚಿಯೆನ್’ ಎಂದು ಹೆಸರು. ಆ ಅಕ್ಷರಕ್ಕೆ ಮೂಲದಲ್ಲಿ ಮಣ್ಣು ಅಗೆಯುವ ಗುದ್ದಲಿಯಂಥ ಸಲಕರಣೆ ಎಂದು ಅರ್ಥ. ಅಲ್ಲಿಯ ಬಹು ಹಳೆಯ ನಾಣ್ಯಗಳು ಪುಟ್ಟ ಗುದ್ದಲಿಯ ಆಕಾರದಲ್ಲಿದ್ದುವು. ನಮ್ಮಲ್ಲಿ ‘ಧನ’ ಎಂಬುದು ಹಳ್ಳಿಯವನ ಬಾಯಲ್ಲಿ ‘ದನ’ವಾಗಿ ಕೊಟ್ಟಿಗೆಯನ್ನು ಸೇರಿದ್ದು ಇದರ ಮಗ್ಗುಲಿಗೆ ನಿಲ್ಲತಕ್ಕ ಸಂಗತಿ. ಅಲ್ಲಿ ಉಳುವ ಸಲಕರಣೆ ಹಣವಾಯಿತು, ಇಲ್ಲಿ ಹಣ ಉಳುವ ಎತ್ತಾಯಿತು. ಕವಡೆಯ ಮಾತನ್ನು ತೆಗೆದುಕೊಳ್ಳಿ. ಬಹು ಪ್ರಾಚೀನ ಕಾಲದಲ್ಲಿ ಚೀನದಲ್ಲಿ ಕವಡೆ ಸಂಪತ್ತಾಗಿತ್ತು. ನಾಣ್ಯ ಬಂದು ಕವಡೆ ಹೋದರೂ ಅದು ಬರಹದಲ್ಲಿ ಕುಳಿತುಬಿಟ್ಟಿತು. ಸಂಪತ್ತು, ಸರಕು, ದುಬಾರಿ, ಅಗ್ಗ, ಬಡವ ಎಂಬ ಅರ್ಥದ ಅಕ್ಷರಗಳಲ್ಲೆಲ್ಲ ಒಂದು ಮೂಲೆಯಲ್ಲಿ ಕವಡೆಯ ಚಿತ್ರವಿದೆ. ಬಡವ ಎಂಬುದನ್ನು ಬರೆಯಲು ‘ಹಂಚು’ ಎಂಬ ಅಕ್ಷರದ ಕೆಳಗೆ ಕವಡೆಯನ್ನು ಇಡುತ್ತಾರೆ. ಅಣ್ಣತಮ್ಮಂದಿರು ಪಾಲಾದ ಮನೆಗಳನ್ನು ಕಂಡವರಿಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಕವಡೆ ಲಿಪಿಯೊಳಕ್ಕೆ ನುಗ್ಗಲಿಲ್ಲ; ಬೈಗುಳದೊಳಕ್ಕೆ ನುಗ್ಗಿತು. ‘ಅವನ ಮಾತಿಗೆ ಕವಡೆಕಾಸಿನ ಕಿಮ್ಮತ್ತಿಲ್ಲ’ ಎನ್ನುವಾಗ ಎರಡು ಯುಗಗಳ ನಾಣ್ಯವನ್ನು ಒಟ್ಟಿಗೆ ಹಿಡಿದು ಒಬ್ಬನ ಮುಖಕ್ಕೆ ಎಸೆಯುತ್ತೇವೆ. ಚೀನೀಯರೂ ಹಾಗೆಯೇ, ಒಂದು ಬಿಡಿನಾಣ್ಯದಷ್ಟೂ ಬೆಲೆಯಿಲ್ಲವೆಂದು ಹೇಳುತ್ತಾರೆ.

ನಮ್ಮ ದೊಡ್ಡಪ್ಪನಿಗೂ ಅಲ್ಲೊಬ್ಬ ನಂಟನಿದ್ದಾನೆ. ಮೂರನೆಯ ಶತಮಾನದ ಕೊನೆಯ ಸುಮಾರಿನಲ್ಲಿ ಲೂ ಬಾವ್ ಎಂಬ ಚೀನೀ ಲೇಖಕನು ಹಣವೆಂಬ ದೇವತೆಯನ್ನು ಕುರಿತು ಒಂದು ವಿಡಂಬನೆ ಬರೆದ. ಎಲ್ಲ ಅಧಿಕಾರವೂ ಎಲ್ಲ ನ್ಯಾಯವೂ ಹಣದ ಕಡೆಗೆ ವಾಲಿದ್ದ ಕಾಲ ಅದು. ಆ ಬರಹದಿಂದ ಹಣಕ್ಕೆ ‘ಚೌಕ ತೂತಿನ ಅಣ್ಣ’ ಎಂಬ ಅಡ್ಡಹೆಸರು ಬಂದು ಇಂದಿಗೂ ಉಳಿದಿದೆ. ನಾವು ತಂದೆಯ ಅಣ್ಣನೆಂದೆವು, ಅವರು ತಮ್ಮ ಅಣ್ಣನೆಂದರು. ತಂದೆ ಎಂದು ಕರೆಯುವಷ್ಟು ದೂರ ಇಬ್ಬರೂ ಹೋಗಲಿಲ್ಲ. ‘ಹಣವೆಂದರೆ ಹೆಣವೂ ಬಾಯಿ ಬಿಡುತ್ತದೆ’ ಎಂದು ನಮ್ಮ ಗಾದೆ. ಹಣವಿದ್ದರೆ ದೆವ್ವದ ಕೈಯಲ್ಲೂ ಬೀಸುವ ಕಲ್ಲನ್ನು
ತಿರುಗಿಸಬಹುದೆಂದು ಅವರದು. ಸತ್ತವರಿಗೂ ಬಿಡುಗಡೆಯಿಲ್ಲ.

ಚೀನೀ ನಾಣ್ಯದ ತೂತು ದಾರ ಪೋಣಿಸುವುದಕ್ಕೆ. ಸಾವಿರ ನಾಣ್ಯದ ಒಂದು ಸರ ಅವರ ದೊಡ್ಡ ಲೆಕ್ಕ. ಶ್ರೀಮಂತನನ್ನು ಹತ್ತು ಸಾವಿರ ಸರಗಳನ್ನು ಸೊಂಟಕ್ಕೆ ಸುತ್ತಿಕೊಂಡವನೆಂದು ವರ್ಣಿಸುತ್ತಾರೆ. ನಮ್ಮ ನಾಣ್ಯಕ್ಕೆ ತೂತಿರಲಿಲ್ಲ, ಆದಕಾರಣ ನಾವು ಬಟ್ಟೆಯಲ್ಲಿ ಗಂಟು ಕಟ್ಟಿದೆವು. ಸೆರಗಿನ ತುದಿಯ ಆ ಗಂಟೇ ಕನ್ನಡದಲ್ಲಿ ಬಂಡವಾಳವಾಗಿ ಬೆಳೆಯಿತು. ಇಡುಗಂಟು, ಗಂಟು ಮಾಡಿಕೊಂಡವನು, ಗಂಟುಕಳ್ಳ, ‘ನಿನ್ನಪ್ಪನ ಗಂಟೇನು ಹೋಗುವುದು?’ ಹೀಗೆ ಅದರ ಸಂತಾನ ದೊಡ್ಡದು. ನಿವೃತ್ತಿಯ ದಿನ ನೌಕರನ ಕೈಗೆ ಬರುವ ದೊಡ್ಡ ಮೊತ್ತವನ್ನು ಪತ್ರಿಕೆಗಳು ‘ಇಡುಗಂಟು’ ಎಂದು ಬರೆಯುವಾಗ, ಯಾವುದೋ ಅಜ್ಜಿಯ ಸೆರಗು ಆ ಮಾತಿನೊಳಗೆ ಇದೆ.

ಇಲ್ಲಿಯವರೆಗೆ ಹೇಳಿದ್ದು ಹಣ ಇದ್ದಾಗಿನ ಮಾತು. ಇಲ್ಲದಾಗ ಕನ್ನಡಿಗರು ಏನೆನ್ನುತ್ತಾರೆ ಎಂಬುದನ್ನು ನೋಡಿದರೆ ನಮ್ಮ ಸ್ವಭಾವ ಇನ್ನೂ ಚೆನ್ನಾಗಿ ಹೊರಬೀಳುತ್ತದೆ. ಜಯನಗರದಲ್ಲೋ ಬನಶಂಕರಿಯಲ್ಲೋ ಮಧ್ಯಮ ವರ್ಗದ ಒಂದು ಮನೆಯ ಜಗಲಿಯಲ್ಲಿ, ತಿಂಗಳ ಇಪ್ಪತ್ತೈದನೆಯ ತಾರೀಖಿನ ಸಂಜೆ, ಒಬ್ಬರು ಇನ್ನೊಬ್ಬರ ಎದುರಿಗೆ ಕುಳಿತು ‘ನನ್ನ ಹತ್ತಿರ ಹಣವಿಲ್ಲ’ ಎಂದು ನೇರವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ‘ಸದ್ಯಕ್ಕೆ ಸ್ವಲ್ಪ ಕೈ ಬಿಗಿ ಸಾರ್’ ಎನ್ನುತ್ತಾರೆ. ‘ಏನೋ ಒಂದಿಷ್ಟು ತಾಪತ್ರಯ’ ಎನ್ನುತ್ತಾರೆ. ‘ಪರಿಸ್ಥಿತಿ ಈಗ ಅಷ್ಟು ಸರಿಯಿಲ್ಲ’, ‘ಒಂದು ಅಡಚಣೆ ಬಂದಿದೆ’, ‘ಮುಗ್ಗಟ್ಟು’. ಒಂದರಲ್ಲಿಯೂ ಹಣದ ಹೆಸರಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ತಾಪತ್ರಯದ ಗತಿಯನ್ನಷ್ಟು ನೋಡಿ. ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂಬ ಮೂರು ಬಗೆಯ ಸಂಕಟಗಳಿಗೆ ಶಾಸ್ತ್ರಕಾರರು ಇಟ್ಟ ಗಂಭೀರವಾದ ಹೆಸರು ಅದು. ಮೋಕ್ಷವೊಂದೇ ಅದಕ್ಕೆ ಔಷಧವೆಂದು ಅವರ ಮತ. ನಮ್ಮ ಆಡುಮಾತಿಗೆ ಇಳಿಯುವ ಹೊತ್ತಿಗೆ ಅದಕ್ಕೆ ಐನೂರು ರೂಪಾಯಿಯ ಕೈಗಡವೇ ಸಾಕಾಯಿತು.

ಇದ್ದವರ ವಿಷಯದಲ್ಲಿಯೂ ಇದೇ ಸಂಕೋಚ. ‘ಅವರು ಅನುಕೂಲಸ್ಥರು’, ‘ಸ್ಥಿತಿವಂತರು’ ಎನ್ನುತ್ತೇವೆ. ಇನ್ನೂ ಸರಳವಾಗಿ ‘ಅವರು ಇದ್ದವರು’ ಎಂದುಬಿಡುತ್ತೇವೆ. ಏನು ಇದ್ದವರು ಎಂದು ಯಾರೂ ಕೇಳುವುದಿಲ್ಲ. ಉಳ್ಳವರು, ಇಲ್ಲದವರು ಎಂಬ ಮಾತುಗಳಲ್ಲಿ ಇರುವುದು ಕೇವಲ ‘ಉಳ್’, ‘ಇಲ್’ ಎಂಬ ಎರಡು ಧಾತುಗಳು. ಮನುಷ್ಯನ ಇರವನ್ನೂ ಅವನ ಹಣವನ್ನೂ ಕನ್ನಡ ಒಂದೇ ಕ್ರಿಯಾಪದದಲ್ಲಿ ಅಡಗಿಸಿದೆ. ಇದು ಸಭ್ಯತೆಯೋ ಕ್ರೌರ್ಯವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕೇಳುವವನ ಕಿವಿಗೆ ಅದು ಸಭ್ಯತೆ. ‘ಇಲ್ಲದವನು’ ಎನ್ನಿಸಿಕೊಂಡವನಿಗೆ ಏನೋ.

ಈ ಮಾತುಗಳಲ್ಲೆಲ್ಲ ಹೆಚ್ಚು ದುಡಿಯುವುದು ‘ಕೈ’. ಕೈ ಬಿಗಿ, ಬರಿಗೈ, ಕೈ ತುಂಬ ಸಂಬಳ, ಕೈಕಾಸು, ವ್ಯಾಪಾರದಲ್ಲಿ ಕೈ ಕಚ್ಚಿತು, ಕೈ ಸುಟ್ಟುಕೊಂಡ, ಕೊನೆಗೆ ಕೈ ಎತ್ತಿಬಿಟ್ಟ. ಕಚೇರಿಯಲ್ಲಿ ಕೆಲಸ ಆಗಬೇಕಾದರೆ ಕೈ ಬೆಚ್ಚಗೆ ಮಾಡಬೇಕು. ಚೀನೀಯರಲ್ಲಿಯೂ ಕೈಯೇ. ‘ಶೌತೌ’ ಎಂಬ ಅವರ ಮಾತಿಗೆ ಕೈಹತ್ತಿರ ಎಂಬುದು ಒಂದು ಅರ್ಥ, ಒಬ್ಬನ ಸದ್ಯದ ಹಣಕಾಸಿನ ಸ್ಥಿತಿ ಎಂಬುದು ಇನ್ನೊಂದು; ಅದು ಬಿಗಿಯಾಗಿದೆ ಎಂದರೆ ನಮ್ಮ ‘ಕೈ ಬಿಗಿ’ಯೇ. ಅವರಿಗೆ ಇನ್ನೂ ನಯವಾಗಿ ಹೇಳಬೇಕಾದರೆ ‘ಚೀಲ ನಾಚಿಕೊಂಡಿದೆ’ ಎನ್ನುತ್ತಾರೆ. ನಗದು ಹಣಕ್ಕೆ ಅವರು ಇಟ್ಟಿರುವ ಹೆಸರನ್ನು ಅಕ್ಷರಶಃ ಬಿಡಿಸಿದರೆ ‘ಈಗ ಎದುರಿಗಿರುವ ಚಿನ್ನ’ ಎಂದಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ‘ರೊಕ್ಕ’ವೂ ಹುಟ್ಟಿನಲ್ಲಿ ಅದೇ. ಸಂಸ್ಕೃತದ ‘ರೋಕ’ಕ್ಕೆ ಕೂಡಲೇ ಹಣ ಕೊಟ್ಟು ಕೊಳ್ಳುವುದೆಂದು ಅರ್ಥ. ನಾಳೆಯ ಹಣ ರೊಕ್ಕವಲ್ಲ. ಧಾರವಾಡದವರ ‘ರೊಕ್ಕ ಐತೇನು?’ ಎಂಬ ಪ್ರಶ್ನೆಯಲ್ಲಿ ಈಗ, ಇಲ್ಲಿ ಎಂಬುದು ಸೇರಿಯೇ ಇದೆ.

ಹಣವನ್ನು ಹೆಸರಿಸದ ಈ ಕನ್ನಡದ ಮೇಲೆ ಕಚೇರಿಯ ಕನ್ನಡ ಬಂದು ಕುಳಿತದ್ದನ್ನು ಇಲ್ಲಿ ಬೇಗನೆ ಹೇಳಿ ಮುಗಿಸುತ್ತೇನೆ. ಜಮೆ, ಖರ್ಚು, ಬಾಕಿ, ವಸೂಲಿ, ಅಸಲು ಮೊದಲಾದುವು ಪಾರಸಿ ಅರಬ್ಬಿಗಳಿಂದ ದಫ್ತರಗಳ ಮೂಲಕ ಬಂದುವು. ಹುಬ್ಬಳ್ಳಿಯ ಕಡೆಯ ‘ಪಗಾರ’ ಪೋರ್ಚುಗೀಸರದು. ‘ಬಡ್ಡಿ’ ಮಾತ್ರ ನಮ್ಮ ಹಳೆಯ ತದ್ಭವ. ವೃದ್ಧಿ ಎಂಬ ಮಂಗಳಕರವಾದ ಮಾತು ಸಾಲಗಾರನ ಮನೆಯಲ್ಲಿ ಹಾಗಾಯಿತು. ‘ಸಂಬಳ’ದ ಮೂಲದ ಅರ್ಥ ದಾರಿಯ ಬುತ್ತಿ. ತಿಂಗಳೆಂಬ ದಾರಿಗೆ ಬುತ್ತಿ ಸಾಲದೆ ಹೋಗುವುದು ಹೊಸ ಅನುಭವವೇನೂ ಅಲ್ಲವೆಂದು ತೋರುತ್ತದೆ.

ಬ್ರಿಟಿಷರ ರೂಪಾಯಿಯೊಡನೆ ಬಂದ ಆಣೆ ನೂರು ವರ್ಷಕ್ಕೂ ಮೇಲ್ಪಟ್ಟು ಇದ್ದು, ಕನ್ನಡದ ಗಾದೆಗಳಲ್ಲಿ ಮನೆಮಾಡಿತು. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಪೈಯನ್ನು ಇಲ್ಲಿಯವರು ಕಾಸೆಂದೇ ಕರೆದರು. ‘ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆ’ ಎಂಬುದು ಆ ಕಾಲದ ಬಳುವಳಿ. ‘ಹದಿನಾರಾಣೆ ಸತ್ಯ’ ಎಂಬುದೂ ಅಷ್ಟೇ. ಆಣೆ ಇಷ್ಟು ಸುಲಭವಾಗಿ ನೆಲೆಯೂರಿದ್ದಕ್ಕೆ ಒಂದು ಕಾರಣವನ್ನು ನಾನು ಊಹಿಸುತ್ತೇನೆ. ಹದಿನಾರರಲ್ಲೊಂದು ಎಂಬ ಲೆಕ್ಕ ನಮಗೆ ವೀಸದ ಕಾಲದಿಂದಲೂ ರೂಢಿ. ‘ಮುಕ್ಕಾಲು ಮೂರುವೀಸ ಪಾಲು’ ಎಂದು ಹಿರಿಯರು ಹೇಳುವುದನ್ನು ಓದುಗರು ಕೇಳಿರಬಹುದು. ಮುಕ್ಕಾಲಿಗೆ ಮೂರು ವೀಸ ಸೇರಿದರೆ ಹದಿನಾರರಲ್ಲಿ ಹದಿನೈದು. ಅಂದರೆ ಬಹುಪಾಲು ಎಲ್ಲ. ತರಗತಿಯಲ್ಲಿ ಈ ನುಡಿಗಟ್ಟಿನ ಅರ್ಥವನ್ನು ಕೇಳಿದಾಗ ಹುಡುಗನೊಬ್ಬ ಅಮೆರಿಕಕ್ಕೆ ಹೋಗುವ ವೀಸಾದ ಲೆಕ್ಕವೇ ಎಂದು ವಿಚಾರಿಸಿದ. ತಪ್ಪು ಅವನದಲ್ಲ. ಅವನ ಬಡಾವಣೆಯಲ್ಲಿ ಆ ವೀಸಾದ ಚಲಾವಣೆಯೇ ಹೆಚ್ಚು.

೧೯೫೭ರ ಏಪ್ರಿಲ್ ೧ರಂದು ರೂಪಾಯಿ ನೂರು ನಯೆ ಪೈಸೆಯಾಯಿತು. ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫ ಎಂದು ಕೋಷ್ಟಕ ಹೊರಟಿತು. ಒಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡವನು ೨೪ ಪೈಸೆ ಕೊಟ್ಟರೆ ಒಂದೇ ಸಲಕ್ಕೆ ಕೊಂಡವನು ೨೫ ಕೊಡಬೇಕಾದ ಈ ಗಣಿತ ಅಂಗಡಿಯವರಿಗೆ ಎಷ್ಟು ತಲೆನೋವಾಗಿತ್ತೋ! ೧೯೬೪ರ ಜೂನಿನಲ್ಲಿ ‘ನಯೆ’ ಎಂಬುದು ಕಳಚಿತು. ಆಣೆ ಮಾತ್ರ ಬಾಯಿಂದ ಕಳಚಲಿಲ್ಲ. ೨೫ ಪೈಸೆಯ ನಾಣ್ಯವನ್ನು ಜನ ನಾಲ್ಕಾಣೆ ಎಂದೇ ಕರೆದರು, ಪಾವಲಿ ಎಂದರು. ೨೦೧೧ರ ಜೂನ್ ೩೦ಕ್ಕೆ ಆ ನಾಣ್ಯವೂ ಅದಕ್ಕೆ ಕಿರಿಯವೂ ಚಲಾವಣೆಯಿಂದ ಹೋದುವು. ನಾಣ್ಯ ಸತ್ತ ಮೇಲೂ ಮಾತು ಎರಡು ತಲೆಮಾರು ಬದುಕುವುದು ರೂಢಿ. ವೀಸ ಅದಕ್ಕಿಂತ ಎಷ್ಟೋ ಹೆಚ್ಚು ಬದುಕಿದೆ.

ಆದರೆ ಒಂದು ಮಾತು ಹೋಗುತ್ತಿರುವುದು ನನಗೆ ನಿಜವಾಗಿಯೂ ಕಳವಳದ ಸಂಗತಿಯಾಗಿದೆ. ಅದು ‘ಕೈಗಡ’. ಕಡ ಎಂದರೆ ಸಾಲವೆಂದು ಹಳಗನ್ನಡದ ಕಾಲದಿಂದ ಬಂದ ಅರ್ಥ. ಕೈಗಡಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ, ಸಾಕ್ಷಿಯಿಲ್ಲ. ನಾಳೆ ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಮತ್ತೆ ಮುಖ ನೋಡಬೇಕಾದ ಇಬ್ಬರ ನಡುವಿನ ವ್ಯವಹಾರ ಅದು. ಹೆಂಗಸರ ಚೀಟಿಯೂ ಹೀಗೆಯೇ ಅಕ್ಕಪಕ್ಕದ ಮುಖಗಳ ನಂಬಿಕೆಯ ಮೇಲೆ ನಡೆಯುವಂಥದು (ಚೀನೀಯರಲ್ಲೂ ಹರಾಜು ಕೂಗುವ ಇಂಥದೇ ಕೂಟಗಳುಂಟು). ಕೈ ಬಿಗಿ, ತಾಪತ್ರಯ, ಅಡಚಣೆ ಎಂಬ ಸುತ್ತುಮಾತುಗಳು ಹುಟ್ಟಿದ್ದೇ ಅಲ್ಲಿ. ಕೇಳುವವನ ಮಾನವೂ ಉಳಿಯಬೇಕು, ಇಲ್ಲವೆನ್ನುವವನ ದಾಕ್ಷಿಣ್ಯವೂ ಉಳಿಯಬೇಕು ಎಂಬುದಕ್ಕಾಗಿ ತಲೆಮಾರುಗಳು ಮಸೆದ ಮಾತು ಅವು. ಈಗ ಸಾಲ ಫೋನಿನಲ್ಲಿ ಸಿಗುತ್ತದೆ. ಫೋನಿಗೆ ತಾಪತ್ರಯವೆಂದರೆ ತಿಳಿಯದು. ಅದು ಕೇಳುವುದು ಆಧಾರ್ ಸಂಖ್ಯೆಯನ್ನು. ಕೊಡುವಾಗ ದಾಕ್ಷಿಣ್ಯವಿಲ್ಲದಿದ್ದ ಮೇಲೆ ವಸೂಲಿ ಮಾಡುವಾಗ ಎಲ್ಲಿಂದ ಬಂದೀತು? ಕಿರುಸಾಲದ ವಸೂಲಿಗಾರರ ಕಾಟ ಹಳ್ಳಿಗಳಲ್ಲಿ ಎಷ್ಟು ಮಿತಿಮೀರಿತೆಂದರೆ, ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅದರ ಭಾಷೆಯೂ ಕಾನೂನಿನ ಭಾಷೆಯೇ. ‘ಸದ್ಯಕ್ಕೆ ಕೈ ಬಿಗಿ, ಒಂದನೇ ತಾರೀಖು ಕೊಡುತ್ತೇನೆ’ ಎಂಬ ಮಾತಿಗೆ ಕಿವಿಗೊಡುವವರು ಇದ್ದಿದ್ದರೆ ಕಾನೂನಿನ ಕೆಲಸ ಅಷ್ಟು ಕಡಮೆಯಾಗುತ್ತಿತ್ತು.

ಇನ್ನು ಕಾಸು, ದುಡ್ಡುಗಳ ಉತ್ತರಾಧಿಕಾರಿ ಯಾರು? ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯ ಹೊರಗೆ ಸೊಪ್ಪು ಮಾರುವ ಹೆಂಗಸಿನ ಬುಟ್ಟಿಗೆ ಚೌಕನೆಯ ಚಿತ್ರದ ಒಂದು ಫಲಕವನ್ನು ಕಟ್ಟಿದೆ. ಅವಳು ‘ಹಣ ಪಾವತಿಸಿ’ ಎನ್ನುವುದಿಲ್ಲ. ‘ಚಿಲ್ಲರೆ ಇಲ್ಲ ಕಣಣ್ಣ, ಫೋನ್‌ಪೇ ಮಾಡು’ ಎನ್ನುತ್ತಾಳೆ. ಗಿರಾಕಿಯ ಫೋನಿನಲ್ಲಿ ಇರುವುದು ಬೇರೊಂದು ಸಂಸ್ಥೆಯದಾದರೂ ಅವಳಿಗೆ ಎಲ್ಲವೂ ಫೋನ್‌ಪೇಯೇ. ಪಕ್ಕದ ಹೂವಿನವನಿಗೆ ಎಲ್ಲವೂ ಗೂಗಲ್‌ಪೇ. ಲಕ್ಷಗಳನ್ನು ಕಳುಹಿಸುವ ಬ್ಯಾಂಕಿನ ದೊಡ್ಡ ವಿಧಾನಗಳಿಗೂ ಹೆಸರುಗಳಿವೆ, ಅವು ಯಾರ ಬಾಯಲ್ಲೂ ಕ್ರಿಯಾಪದವಾಗಿಲ್ಲ. ಹತ್ತು ರೂಪಾಯಿಯ ಕೊತ್ತಂಬರಿಗೆ ಬಳಕೆಯಾದದ್ದು ಆಯಿತು. ಲೊಕ್ಕಿಗದ್ಯಾಣವನ್ನು ಬಿಟ್ಟು ಹಣವನ್ನೂ, ಹಣವನ್ನು ಬಿಟ್ಟು ದುಡ್ಡನ್ನೂ ಹಿಡಿದುಕೊಂಡ ಅದೇ ಜನ.

‘ಕಾಸಿಗೊಂದು, ಕೊಸರಿಗೆರಡು’ ಎಂದು ಹಳೆಯ ಗಾದೆ. ಕೊಸರು ಎಂದರೆ ವ್ಯಾಪಾರ ಮುಗಿದ ಮೇಲೆ ಲೆಕ್ಕಕ್ಕೆ ಸೇರದಂತೆ ಕೈಯೆತ್ತಿ ಕೊಡುವುದು. ಪೆಟ್ಟಿಗೆ ಹತ್ತು ರೂಪಾಯಿ ಬಂತೆಂದು ಕೂಗಿ ಹೇಳಿದ ಮೇಲೆ, ಅವಳು ಎರಡು ಎಸಳು ಕರಿಬೇವನ್ನು ಚೀಲಕ್ಕೆ ಹಾಕುತ್ತಾಳೆ. ಅದಕ್ಕೆ ಅವಳು ಇಂದಿಗೂ ಕೊಸರೆಂದೇ ಅನ್ನುತ್ತಾಳೆ.